ನಿಮ್ಮ ಕೈಗೆ ಒಗ್ಗೋ ಎಲೆಕ್ಟ್ರಿಕ್ ಗಿಟಾರ್ ಆರಿಸೋದು ಹೇಗೆ

ಎಲೆಕ್ಟ್ರಿಕ್ ಗಿಟಾರ್ ತಗೋಬೇಕು ಅಂತ ಹೊರಟವ್ರು ಹೆಚ್ಚಾಗಿ ಕೇಳೋದು ಯಾವ ಬ್ರ್ಯಾಂಡು, ಯಾವ ಪಿಕಪ್ಪು (ತಂತಿಯ ಅಲುಗಾಟ ಹಿಡಿಯೋ ಭಾಗ), ಯಾವ ಮರ ಅಂತ. ನಾನು ಹೇಳೋದು ಇಷ್ಟೇ, ಮೊದ್ಲು ನೆಕ್, ಅಂದ್ರೆ ಎಡಗೈಯಲ್ಲಿ ಹಿಡಿಯೋ ಉದ್ದನೆ ಕತ್ತು, ಅದನ್ನ ನೋಡಿ. ಸೌಂಡ್ ಹಿಡಿಸ್ಲಿಲ್ಲ ಅಂದ್ರೆ ಆಂಪ್ (ಸೌಂಡ್ ಜೋರು ಮಾಡೋ ಪೆಟ್ಟಿಗೆ) ಬದಲಾಯಿಸಬಹುದು, ಸೌಂಡ್ ಬದಲಿಸೋ ಪೆಡಲ್ ಸೇರಿಸಬಹುದು, ಪಿಕಪ್ಪನ್ನೇ ಬಿಚ್ಚಿಸಿ ಬೇರೆ ಹಾಕಿಸಬಹುದು, ತಂತಿ ಅಂತೂ ಹೇಗೂ ಬದಲಾಯಿಸ್ತಾನೇ ಇರ್ತೀರ. ಆದ್ರೆ ನೆಕ್ ಕೈಗೆ ಕೂರ್ಲಿಲ್ಲ ಅಂದ್ರೆ ಪ್ರಾಕ್ಟೀಸಿಗೆ ಕೂತಾಗೆಲ್ಲ ಅದೇ ಕಿರಿಕಿರಿ, ಆಮೇಲೆ ಗಿಟಾರ್ ಎತ್ಕೊಳ್ಳೋಕೇ ಮನಸ್ಸು ಬರಲ್ಲ.

ನೆಕ್ ನೋಡೋದು ಅಂದ್ರೆ ಏನು? ಕುರ್ಚಿ ಮೇಲೆ ಕೂತ್ಕೊಂಡು ಮೊದಲನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಎಫ್ ಬಾರ್ ಕಾರ್ಡ್, ಅಂದ್ರೆ ತೋರುಬೆರಳನ್ನ ಎಲ್ಲಾ ತಂತಿ ಮೇಲೂ ಅಡ್ಡ ಒತ್ತೋ ಕಾರ್ಡ್, ಹಿಡೀರಿ, ಒಂದು ನಿಮಿಷ ಹಾಗೇ ಬಾರಿಸ್ತಾ ಇರಿ. ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯ್ತಾ, ಮಣಿಕಟ್ಟು ವಿಚಿತ್ರವಾಗಿ ತಿರುಗ್ತಾ ಇದ್ಯಾ ಗಮನಿಸಿ. ಆಮೇಲೆ ಅದೇ ಕಾರ್ಡನ್ನ ಮೇಲಕ್ಕೆ ಜಾರಿಸ್ತಾ 12ನೇ ಫ್ರೆಟ್ ತನಕ ಹೋಗಿ. ನೆಕ್ಕಿನ ಹಿಂಭಾಗ ಕೆಲವದ್ರಲ್ಲಿ ತೆಳ್ಳಗೆ ಚಪ್ಪಟೆ ಇರುತ್ತೆ, ಕೆಲವದ್ರಲ್ಲಿ ದಪ್ಪಗೆ ಗುಂಡಗೆ ಇರುತ್ತೆ. ತೆಳ್ಳಗಿದ್ರೆನೇ ಸುಲಭ ಅಂತ ಎಲ್ರೂ ಅಂದ್ಕೋತಾರೆ, ಆದ್ರೆ ಅಂಗೈ ದೊಡ್ಡದಿರೋವ್ರಿಗೆ ದಪ್ಪ ನೆಕ್ಕೇ ಆರಾಮ, ತೆಳ್ಳಗಿರೋದನ್ನ ಹಿಡಿದ್ರೆ ಬೆರಳು ಹಿಂಡಿದ ಹಾಗಾಗುತ್ತೆ. ನಟ್ (ನೆಕ್ಕಿನ ತುದಿಯಲ್ಲಿ ತಂತಿ ಕೂರೋ ಗೀರುಗಳಿರೋ ಪಟ್ಟಿ) ಹತ್ರ ಅಗಲ ಸಾಮಾನ್ಯವಾಗಿ 42–43 ಮಿ.ಮೀ ಇರುತ್ತೆ, ಒಂದು ಮಿ.ಮೀ ವ್ಯತ್ಯಾಸ ಕಾಗದದ ಮೇಲೆ ಏನೂ ಅನ್ಸಲ್ಲ, ಆದ್ರೆ ದಪ್ಪ ಬೆರಳಿನವ್ರು ಓಪನ್ ಕಾರ್ಡ್ ಹಿಡಿದಾಗ ಪಕ್ಕದ ತಂತಿ ಸತ್ತುಹೋಗುತ್ತಾ ಇಲ್ವಾ ಅನ್ನೋದು ಅಲ್ಲೇ ಗೊತ್ತಾಗೋದು.

ಫ್ರೆಟ್‌ಬೋರ್ಡ್ ಪೂರ್ತಿ ಚಪ್ಪಟೆ ಇರಲ್ಲ, ಸ್ವಲ್ಪ ಉಬ್ಬಿರುತ್ತೆ, ಅದನ್ನ ರೇಡಿಯಸ್ ಅಂತಾರೆ. ಫೆಂಡರ್ ಕಂಪನಿಯ ಹಳೇ ಗಿಟಾರ್‌ಗಳ 7.25 ಇಂಚು ರೇಡಿಯಸ್ ಜಾಸ್ತಿ ಉಬ್ಬು, ಕಾರ್ಡ್ ಹಿಡಿಯೋಕೆ ಹಿತ, ಆದ್ರೆ ತಂತಿ ತುಂಬಾ ಕೆಳಗೆ ಸೆಟ್ ಮಾಡಿ ದೊಡ್ಡ ಬೆಂಡ್ (ಒತ್ತಿದ ತಂತಿಯನ್ನ ಪಕ್ಕಕ್ಕೆ ತಳ್ಳಿ ಶ್ರುತಿ ಏರಿಸೋದು) ಎಳೆದ್ರೆ ನೋಟ್ ಕಟ್ ಆಗೋ ಸಾಧ್ಯತೆ ಇದೆ. 12 ಇಂಚು, 16 ಇಂಚು ಅಂತ ಹೋದ ಹಾಗೆ ಚಪ್ಪಟೆಯಾಗುತ್ತೆ, ಲೀಡ್ ಬಾರಿಸೋವ್ರಿಗೆ ಅದು ಇಷ್ಟ.

ಇನ್ನೊಂದು ಸ್ಕೇಲ್ ಲೆಂತ್. ನಟ್‌ನಿಂದ ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರೋ ಭಾಗ) ವರೆಗೆ ಬರೋ ತಂತಿಯ ಉದ್ದ ಅಂದ್ಕೊಳ್ಳಿ. ಫೆಂಡರ್‌ನ ಸ್ಟ್ರಾಟೋಕ್ಯಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್), ಟೆಲಿಕ್ಯಾಸ್ಟರ್ ಇವೆಲ್ಲ 25.5 ಇಂಚು, ಗಿಬ್ಸನ್ ಲೆಸ್ ಪಾಲ್ ಸುಮಾರು 24.75, ಫೆಂಡರ್ ಮಸ್ಟ್ಯಾಂಗ್, ಜಾಗ್ವಾರ್ ಥರದವು 24. ಅದೇ ದಪ್ಪದ ತಂತಿ, ಅದೇ ಟ್ಯೂನಿಂಗ್ ಇದ್ರೂ ಉದ್ದ ಕಮ್ಮಿ ಆದ್ರೆ ಬಿಗಿ ಕಮ್ಮಿ ಆಗುತ್ತೆ, ಫ್ರೆಟ್‌ಗಳೂ ಹತ್ತಿರ ಹತ್ತಿರ ಬರುತ್ತೆ. ಹಂಗಾಗಿ ಕೈ ಚಿಕ್ಕದಿರೋವ್ರು, ಬೆಂಡ್ ಜಾಸ್ತಿ ಬಾರಿಸೋವ್ರು ಚಿಕ್ಕ ಸ್ಕೇಲ್ ಒಂದ್ಸಲ ಹಿಡಿದು ನೋಡ್ಲೇಬೇಕು. ಟ್ಯೂನಿಂಗ್ ಕೆಳಗಿಳಿಸಿ ಮೆಟಲ್ ಬಾರಿಸೋ ಆಸೆ ಇದ್ರೆ ಮಾತ್ರ ಉದ್ದ ಸ್ಕೇಲೇ ಒಳ್ಳೇದು, ಇಲ್ಲಾಂದ್ರೆ ದಪ್ಪ ತಂತಿಗಳು ಜೋಲು ಬೀಳುತ್ತೆ.

ಈಗ ಪಿಕಪ್. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿರ್ತಾರೆ, ಮೇಲೆ ಸ್ಟೀಲ್ ತಂತಿ ಅಲುಗಾಡಿದಾಗ ಅದ್ರಲ್ಲಿ ಸಣ್ಣ ಕರೆಂಟ್ ಹುಟ್ಟುತ್ತೆ, ಆಂಪ್‌ಗೆ ಹೋಗೋದು ಅದೇ. ಒಂದೇ ಕಾಯಿಲ್ ಇದ್ರೆ ಸಿಂಗಲ್ ಕಾಯಿಲ್, ಸೌಂಡ್ ತಿಳಿಯಾಗಿ ಚುರುಕಾಗಿರುತ್ತೆ, ಆದ್ರೆ ಸುತ್ತಮುತ್ತ ಇರೋ ಕರೆಂಟ್ ವೈರಿಂಗಿನ ಗುಂಯ್ ಸದ್ದನ್ನೂ ಅದು ಹಿಡಿಯುತ್ತೆ. ಗಿಬ್ಸನ್‌ನಲ್ಲಿ ಇಂಜಿನಿಯರ್ ಆಗಿದ್ದ ಸೆತ್ ಲವರ್ 1955ರ ಹೊತ್ತಿಗೆ ಎರಡು ಕಾಯಿಲ್‌ಗಳನ್ನ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಆ ಗುಂಯ್ ಸದ್ದು ಅಳಿಸಿಹೋಗೋ ಹಾಗೆ ಮಾಡಿದ್ರು, ಅದೇ ಹಂಬಕರ್. ಸೌಂಡ್ ದಪ್ಪ, ಡಿಸ್ಟಾರ್ಷನ್ ಜಾಸ್ತಿ ಹಾಕಿದ್ರೂ ಗಲೀಜಾಗಲ್ಲ. ಏನು ಬಾರಿಸ್ತೀನಿ ಅಂತ ಇನ್ನೂ ಗೊತ್ತಿಲ್ದೇ ಇರೋವ್ರಿಗೆ ಬ್ರಿಡ್ಜ್ ಹತ್ರ ಹಂಬಕರ್, ಮಿಕ್ಕ ಎರಡೂ ಸಿಂಗಲ್ ಕಾಯಿಲ್ ಇರೋ ಗಿಟಾರ್ ಅಂದ್ರೆ ಎಚ್‌ಎಸ್‌ಎಸ್ ತಗೊಳ್ಳಿ ಅಂತೀನಿ, ಎರಡೂ ಕಡೆ ಕಾಲಿಟ್ಟು ನೋಡಬಹುದು. ಅಂದ ಹಾಗೆ 1954ರಲ್ಲಿ ಬಂದ ಸ್ಟ್ರಾಟ್‌ನಲ್ಲಿ ಮೂರು ಪಿಕಪ್‌ಗೆ ಮೂರೇ ಪೊಸಿಷನ್ ಸ್ವಿಚ್ ಇದ್ದಿದ್ದು, ಬಾರಿಸೋವ್ರೇ ಆ ಸ್ವಿಚ್ಚನ್ನ ನಡುವೆ ಸಿಕ್ಕಿಸಿ ಎರಡು ಪಿಕಪ್ ಒಟ್ಟಿಗೆ ಸೇರೋ ಸೌಂಡ್ ಕಂಡ್ಕೊಂಡ್ರು, ಫೆಂಡರ್ ಐದು ಪೊಸಿಷನ್ ಸ್ವಿಚ್ ಕೊಟ್ಟಿದ್ದು 1977ರಲ್ಲಿ. ಎಷ್ಟು ಚೆಂದದ ಸೌಂಡ್ ಅದು, ಸ್ಟ್ರಾಟ್ ಹಿಡಿದಾಗ ಆ ನಡುವಿನ 2 ಮತ್ತೆ 4ನೇ ಪೊಸಿಷನ್ ಕೇಳದೇ ವಾಪಸ್ ಇಡ್ಬೇಡಿ.

ಬ್ರಿಡ್ಜ್ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಮೊದಲ ಗಿಟಾರ್‌ಗೆ ಫ್ಲಾಯ್ಡ್ ರೋಸ್, ಅಂದ್ರೆ ತಂತಿಗಳನ್ನ ಲಾಕ್ ಮಾಡೋ ಅಲ್ಲಾಡೋ ಬ್ರಿಡ್ಜ್, ಬೇಡ. ತಂತಿ ಬದಲಾಯಿಸೋಕೆ ಅಲೆನ್ ಕೀ ಹಿಡ್ಕೊಂಡು ಕೂರ್ಬೇಕು, ಒಂದು ತಂತಿ ಟ್ಯೂನ್ ಮಾಡಿದ್ರೆ ಮಿಕ್ಕ ಐದೂ ಅಲ್ಲಾಡುತ್ತೆ, ಡ್ರಾಪ್ ಡಿ (ದಪ್ಪ ತಂತಿಯನ್ನ ಮಾತ್ರ ಇ-ಯಿಂದ ಡಿ-ಗೆ ಇಳಿಸೋ ಟ್ಯೂನಿಂಗ್) ಬೇಕು ಅಂದ್ರೆ ತಲೆನೋವು. ಅಲ್ಲಾಡದೇ ಇರೋ ಬ್ರಿಡ್ಜ್ ಇರ್ಲಿ, ಇಲ್ಲಾ ಸಾದಾ ಟ್ರೆಮೊಲೊ (ಕೋಲು ಒತ್ತಿ ಶ್ರುತಿ ಅಲ್ಲಾಡಿಸೋ ಬ್ರಿಡ್ಜ್) ಇರ್ಲಿ.

ತೂಕ ಮರೀಬೇಡಿ. ಲೆಸ್ ಪಾಲ್ ಥರದವು 4 ಕೆಜಿ ದಾಟೋದು ಮಾಮೂಲು, ಕೂತಾಗ ಗೊತ್ತಾಗಲ್ಲ, ಸ್ಟ್ರಾಪ್ ಹಾಕಿ ನಿಂತ್ರೆ ಭುಜ ಹೇಳುತ್ತೆ. ನಿಂತು ಎಡಗೈ ಬಿಟ್ಟಾಗ ನೆಕ್ ಕೆಳಗೆ ಬಾಗಿದ್ರೆ ಬಾರಿಸುವಾಗ ಆ ಎಡಗೈಯೇ ಅದನ್ನ ಹೊರ್ಬೇಕಾಗುತ್ತೆ, ಗಿಬ್ಸನ್ ಎಸ್‌ಜಿ ಆಕಾರದವುಗಳಲ್ಲಿ ಇದನ್ನ ಮುಖ್ಯವಾಗಿ ನೋಡಿ. ಬಾಡಿ ಯಾವ ಮರ ಅನ್ನೋದಕ್ಕೆ ನಾನು ಜಾಸ್ತಿ ತಲೆ ಕೆಡಿಸ್ಕೊಳ್ಳಲ್ಲ.

ಅಂಗಡಿಯಲ್ಲಿ ಆಂಪ್‌ಗೆ ಹಾಕೋ ಮುಂಚೆ ಹಾಗೇ ಬಾರಿಸಿ. ಒಂದೊಂದು ತಂತಿಯ ಒಂದೊಂದು ಫ್ರೆಟ್ಟೂ ಒತ್ತಿ ಕೇಳಿ, ಎಲ್ಲಾದ್ರೂ ಒಂದೇ ಜಾಗದಲ್ಲಿ ಗರ್ ಅಂತಿದ್ರೆ ಆ ಫ್ರೆಟ್ ಎದ್ದಿರಬಹುದು. ನೆಕ್ಕಿನ ಅಂಚಲ್ಲಿ ಕೈ ಸವರಿ, ಫ್ರೆಟ್ ತುದಿ ಚುಚ್ಚಬಾರ್ದು. ಮೂರನೇ ತಂತಿ ಜೋರಾಗಿ ಬೆಂಡ್ ಮಾಡಿ ಬಿಟ್ಟು ಟ್ಯೂನರ್ ನೋಡಿ, ನಟ್ ಹತ್ರ ಟಿಂಕ್ ಅಂತ ಸದ್ದು ಬಂದು ಶ್ರುತಿ ಜಾರಿದ್ರೆ ಅಲ್ಲಿ ತಂತಿ ಸಿಕ್ಕಿಕೊಳ್ತಾ ಇದೆ ಅಂತ ಅರ್ಥ, ಅದು ಚಿಕ್ಕ ರಿಪೇರಿ, ಆದ್ರೂ ತಿಳ್ಕೊಂಡಿರಿ. 12ನೇ ಫ್ರೆಟ್ ಮೇಲೆ ಹಾರ್ಮೋನಿಕ್ (ತಂತಿ ಒತ್ತದೇ ಬೆರಳು ಸುಮ್ನೆ ತಾಗಿಸಿ) ಬಾರಿಸಿ, ಅದೇ ಫ್ರೆಟ್ ಒತ್ತಿ ಬಾರಿಸಿ, ಎರಡೂ ಒಂದೇ ಶ್ರುತಿ ಇರ್ಬೇಕು. ಆಮೇಲೆ ಪ್ಲಗ್ ಹಾಕಿ ನಾಬ್ ತಿರುಗಿಸಿ, ಸ್ವಿಚ್ ಒತ್ತಿ, ಕರಕರ ಸದ್ದು ಇದ್ಯಾ ನೋಡಿ.

ತಂತಿ ಎತ್ತರ ಇದೆ ಅಂತ ಗಿಟಾರ್ ಬಿಟ್ಟುಬರ್ಬೇಡಿ. 12ನೇ ಫ್ರೆಟ್ ಹತ್ರ ಸುಮಾರು 1.5ರಿಂದ 2 ಮಿ.ಮೀ ಇದ್ರೆ ಹೆಚ್ಚಿನವ್ರಿಗೆ ಆರಾಮ, ಬ್ರಿಡ್ಜ್ ಸ್ಯಾಡಲ್ಲು (ತಂತಿ ಕೂರೋ ತುಂಡು), ಟ್ರಸ್ ರಾಡು (ನೆಕ್ಕಿನ ಒಳಗಿರೋ, ಅದರ ಬಾಗು ಸರಿಮಾಡೋ ಸರಳು) ತಿರುಗಿಸಿ ಸೆಟಪ್ ಮಾಡಿಸಿದ್ರೆ ಸರಿಹೋಗುತ್ತೆ. ನೆಕ್ ಮುಂದಕ್ಕೆ ಒಂಚೂರು ಬಾಗಿರೋದೂ ಸಹಜ. ಆದ್ರೆ ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಲಿಗಳಿರೋ ನೆಕ್ಕಿನ ತುದಿ) ಕಡೆಯಿಂದ ಕಣ್ಣಿಟ್ಟು ನೋಡಿದಾಗ ನೆಕ್ ತಿರುಚಿಕೊಂಡಿದ್ರೆ ಆ ಗಿಟಾರ್ ಬೇಡವೇ ಬೇಡ. ಸೆಕೆಂಡ್ ಹ್ಯಾಂಡ್ ಆದ್ರೆ ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿ ಕೊರೆದ ಗುಳಿ ಎಷ್ಟಿದೆ, ಟ್ರಸ್ ರಾಡ್ ಇನ್ನೂ ತಿರುಗುತ್ತಾ, ಹೆಡ್‌ಸ್ಟಾಕ್ ಹಿಂದೆ ಬಿರುಕಿಗೆ ಅಂಟು ಹಾಕಿದ ಗುರುತು ಇದ್ಯಾ ಅಂತ ಬೆಳಕಲ್ಲಿ ನೋಡಿ.

ಇರೋ ದುಡ್ಡೆಲ್ಲ ಗಿಟಾರ್‌ಗೇ ಸುರೀಬೇಡಿ, ಆಂಪು, ಕೇಬಲ್ಲು, ಸ್ಟ್ರಾಪು, ಟ್ಯೂನರು, ಒಂದು ಸೆಟಪ್ ಇಷ್ಟಕ್ಕೂ ಉಳಿಸ್ಕೊಳ್ಳಿ. ಮನೇಲಿ ಬಾರಿಸೋಕೆ ಹೆಡ್‌ಫೋನ್ ಹಾಕೋ ಚಿಕ್ಕ ಆಂಪ್ ಸಾಕು. ಕೊನೆಗೆ ಎರಡು ಗಿಟಾರ್ ಮಧ್ಯೆ ತೂಗಾಡ್ತಾ ಇದ್ರೆ ಒಂದೇ ಆಂಪ್, ಒಂದೇ ಸೆಟಿಂಗ್, ಕ್ಲೀನ್ ಸೌಂಡಲ್ಲಿ, ನಿಮಗೆ ಚೆನ್ನಾಗಿ ಬರೋದನ್ನೇ ಎರಡರಲ್ಲೂ ಬಾರಿಸಿ. ಇಷ್ಟ ಆದ ಮಾಡೆಲ್ ಅಂಗಡಿಯಲ್ಲಿ ಎರಡು ಪೀಸ್ ಇದ್ರೆ ಎರಡನ್ನೂ ಇಳಿಸೋಕೆ ಹೇಳಿ, ತೂಕಾನೂ ಫ್ರೆಟ್ ಕೆಲಸಾನೂ ಒಂದೇ ಥರ ಇರುತ್ತೆ ಅಂತ ಹೇಳೋಕಾಗಲ್ಲ, ಯಾವ್ದನ್ನ ನೀವೇ ಬಾರಿಸಿ ನೋಡಿದ್ರೋ ಅದೇ ಪೀಸನ್ನ ಪ್ಯಾಕ್ ಮಾಡಿಸ್ಕೊಳ್ಳಿ.