ಕ್ಯಾಂಪಸ್ ರೇಡಿಯೊಗೆ ಹತ್ತು ನಿಮಿಷದ ಕಾರ್ಯಕ್ರಮ ಮಾಡುವುದು ಹೇಗೆ?

ಮೈಕ್ ಹಿಡಿಯುವ ಮೊದಲು ಒಂದು ನಿಯಮ ಗೊತ್ತಿರಲಿ. ನಮ್ಮ ಕ್ಯಾಂಪಸ್ ರೇಡಿಯೊವೂ ಒಂದು ಸಮುದಾಯ ರೇಡಿಯೊ, ನಮ್ಮ ದೇಶದಲ್ಲಿ ಸಮುದಾಯ ರೇಡಿಯೊಗಳು ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು, ಅಷ್ಟೇ. ನಮ್ಮ ಪತ್ರಿಕೋದ್ಯಮ ವಿಭಾಗಕ್ಕೆ ಬರುವ ಮಕ್ಕಳಿಗೆ ಇದು ಕೇಳಿದ ಕೂಡಲೇ ಬೇಜಾರಾಗುತ್ತದೆ. ಆದರೆ ಪರೀಕ್ಷೆ, ಅಡ್ಮಿಶನ್, ಹವಾಮಾನ, ಟ್ರಾಫಿಕ್, ಆಟೋಟ, ಊರಿನ ಸಾಂಸ್ಕೃತಿಕ ಕಾರ್ಯಕ್ರಮ, ಕರೆಂಟು, ನೀರು, ಇವನ್ನೆಲ್ಲ ಮಾಹಿತಿಯಾಗಿ ಕೊಡಲು ಅಡ್ಡಿಯಿಲ್ಲ. ಊರಿಗೆ ದಿನಾ ಬೇಕಾಗುವುದೂ ಇವೇ ಅಲ್ವಾ?

ನಮ್ಮ ಟ್ರಾನ್ಸ್‌ಮಿಟರ್ 50 ವಾಟ್‌ನದು. ಸುತ್ತಮುತ್ತ ಹತ್ತು ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ಅದನ್ನು ಕಡಿಮೆ ಅಂದುಕೊಳ್ಳಬೇಡಿ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ 'ಆಕಾಶವಾಣಿ' ಅನ್ನುವ ಸ್ವಂತ ರೇಡಿಯೊ ಕೇಂದ್ರ ಶುರು ಮಾಡಿದಾಗ ಅವರ ಹತ್ತಿರ ಇದ್ದದ್ದು 30 ವಾಟ್‌ನ ಟ್ರಾನ್ಸ್‌ಮಿಟರ್.

ಹತ್ತು ಕಿಲೋಮೀಟರ್ ಅಂದರೆ ಕೇಳುಗರು ಯಾರು ಅಂತ ಗೊತ್ತು. ಬೀಡಿ ಕಟ್ಟುತ್ತಾ ರೇಡಿಯೊ ಹಾಕಿಕೊಳ್ಳುವ ಅಕ್ಕ, ಸ್ಟ್ಯಾಂಡಿನಲ್ಲಿ ಕಾಯುವ ರಿಕ್ಷಾ ಅಣ್ಣ, ಹಾಸ್ಟೆಲ್ ಅಡುಗೆಯವರು. ಸ್ಕ್ರಿಪ್ಟ್ ಬರೆಯುವಾಗ ಇವರಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಕಾಲೇಜಿನ ನೋಟಿಸಿನಲ್ಲಿ 'ಸದರಿ ಪರೀಕ್ಷೆಯನ್ನು ಅನಿವಾರ್ಯ ಕಾರಣಗಳಿಂದ ಮುಂದೂಡಲಾಗಿದ್ದು' ಅಂತ ಇರುತ್ತದೆ. ನೀವು ಬರೆಯಬೇಕಾದ್ದು: 'ಎರಡನೇ ವರ್ಷದ ಬಿ.ಎ. ಮಕ್ಕಳೇ, ನಾಳೆ ಪರೀಕ್ಷೆ ಇಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ.' ಯಾರಿಗೆ ಅನ್ನುವುದು ಮೊದಲು ಬರಲಿ. ಆಗ ಸಂಬಂಧಪಟ್ಟವರು ಕಿವಿ ಕೊಡುತ್ತಾರೆ. ದಿನ, ಹೊತ್ತು, ಜಾಗ ಇವನ್ನು ಕೊನೆಗೆ ಇನ್ನೊಮ್ಮೆ ಹೇಳಿ. ಪೇಪರ್ ಆದರೆ ತಿರುಗಿಸಿ ನೋಡಬಹುದು, ರೇಡಿಯೊದಲ್ಲಿ ಹೋದ ಮಾತು ಹೋಯಿತು. ಬರೆದದ್ದನ್ನು ಗಟ್ಟಿಯಾಗಿ ಓದಿ. ಉಸಿರು ಸಾಲದೆ ಹೋದ ಕಡೆ ವಾಕ್ಯ ಮುರಿಯಿರಿ.

ಹತ್ತು ನಿಮಿಷವೂ ಸ್ಟುಡಿಯೊದ ದನಿಯೇ ಇದ್ದರೆ ಯಾರೂ ಕೇಳುವುದಿಲ್ಲ. ಅರ್ಧದಷ್ಟಾದರೂ ಹೊರಗಿನವರ ಮಾತು ಇರಲಿ. ಹೊರಗೆ ಹೋದಾಗ 'ಇದರ ಬಗ್ಗೆ ನಿಮ್ಮ ಅಭಿಪ್ರಾಯ ಏನು?' ಅಂತ ದಯವಿಟ್ಟು ಕೇಳಬೇಡಿ. 'ನಿನ್ನೆ ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಅಕ್ಕ?' ಅಂತ ಕೇಳಿ. ಉತ್ತರದ ಜೊತೆ ಒಂದು ಕತೆಯೂ ಬರುತ್ತದೆ. ಅವರು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಮಾತಾಡಿದರೆ ಹಾಗೇ ಬಿಡಿ. ಕನ್ನಡದಲ್ಲೇ ಹೇಳಿ ಅಂತ ಒತ್ತಾಯ ಮಾಡಿದರೆ ದನಿಯಲ್ಲಿದ್ದ ಜೀವ ಹೋಗುತ್ತದೆ. ಎರಡು ದನಿಗಳ ನಡುವೆ ನೀವು ಓದುವ ಜೋಡಣೆಯ ಮಾತಿನಲ್ಲಿ (ಲಿಂಕ್) ಒಂದು ಸಾಲು ಅರ್ಥ ಹೇಳಿದರೆ ಸಾಕು. ಮಾತಾಡುವ ಮೊದಲೇ ಅವರ ಒಪ್ಪಿಗೆ ಕೇಳಿ. ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ.

ರೆಕಾರ್ಡರ್ ಇಲ್ಲದಿದ್ದರೆ ಮೊಬೈಲ್ ಸಾಕು. ಫ್ಲೈಟ್ ಮೋಡ್‌ಗೆ ಹಾಕಿ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ಎದುರಿಗೇ ಹಿಡಿದರೆ 'ಪ', 'ಫ' ಬಂದಲ್ಲೆಲ್ಲ ಗಾಳಿ ಬಡಿಯುತ್ತದೆ. ಫ್ಯಾನ್ ಆಫ್ ಮಾಡಲು ಕೇಳಿಕೊಳ್ಳಿ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ನಿಂತು ಮಾತಾಡಿಸಿದರೆ ಏನೂ ಕೇಳಿಸುವುದಿಲ್ಲ, ಒಳಗೆ ಹೋಗಿ. ಮಾತು ಮುಗಿದ ಮೇಲೆ ಅರ್ಧ ನಿಮಿಷ ಸುಮ್ನೆ ನಿಂತು ಆ ಜಾಗದ ಸದ್ದನ್ನಷ್ಟೇ ಹಿಡಿಯಿರಿ. ಎಡಿಟ್ ಮಾಡುವಾಗ ಎರಡು ಮಾತಿನ ನಡುವೆ ಕತ್ತರಿಸಿದ ಗುರುತು ಮುಚ್ಚಲು ಅದು ಬೇಕೇ ಬೇಕು.

ಎಡಿಟಿಂಗ್‌ಗೆ ಆಡಾಸಿಟಿ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ. ಮೊದಲು ಮೂಲ ಫೈಲನ್ನು ಬೇರೆ ಕಡೆ ಕಾಪಿ ಮಾಡಿ ಇಡಿ. ದನಿ ಜೋರಾದಾಗಲೂ ಅದರ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ. ಉಸಿರನ್ನೆಲ್ಲ ಕತ್ತರಿಸಬೇಡಿ, ಮನುಷ್ಯರು ಮಾತಾಡಿದ ಹಾಗೆ ಅನ್ನಿಸುವುದಿಲ್ಲ. ನಡುವೆ ಸಿನಿಮಾ ಹಾಡು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಕ್ಕುಸ್ವಾಮ್ಯದ ತೊಂದರೆ ಇದೆ, ಬೇಡ. ಕಾಲೇಜಿನ ಯಕ್ಷಗಾನ ತಂಡದ ಹುಡುಗರನ್ನು ಕರೆದು ಚೆಂಡೆ ಬಾರಿಸಲು ಹೇಳಿ. ಇಪ್ಪತ್ತು ಸೆಕೆಂಡ್ ಸಿಕ್ಕರೆ ಕಾರ್ಯಕ್ರಮಕ್ಕೆ ನಿಮ್ಮದೇ ಗುರುತಿನ ಸದ್ದು ಸಿಕ್ಕಿತು.

ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕು, ಅದೂ ನಿಯಮವೇ. ಹಾಗಾಗಿ ಫೈಲಿಗೆ 'ಫೈನಲ್', 'ಫೈನಲ್ ಹೊಸದು' ಅಂತೆಲ್ಲ ಹೆಸರಿಡದೆ ತಾರೀಕು ಮತ್ತು ವಿಷಯ ಬರೆಯಿರಿ. ಮಾತಾಡಿದವರಿಗೆ ಪ್ರಸಾರದ ಹೊತ್ತನ್ನು ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ. ಮರುಪ್ರಸಾರ ಯಾವಾಗ ಅನ್ನುವುದನ್ನೂ ಹೇಳಿ. ಕೆಲಸದ ಹೊತ್ತಿನಲ್ಲಿ ಕೇಳಲಾಗದವರೇ ಜಾಸ್ತಿ.