ತುಡುವೆ ಜೇನಿನ ಪೆಟ್ಟಿಗೆ ತುಂಬ್ತಾ ಬಂದ್ರೆ ಎರಿಯ ಅಡಿ ನೋಡಿ

ಮಲೆನಾಡು, ಕರಾವಳಿ ಕಡೆ ಮಳೆ ಬಿಟ್ಮೇಲೆ ಅಕ್ಟೋಬರ್-ನವೆಂಬರ್‌ನಲ್ಲಿ ತುಡುವೆ ಕುಟುಂಬ ಜೋರಾಗಿ ಬೆಳೆಯುತ್ತೆ, ನೊಣ ಜಾಸ್ತಿ ಆಯ್ತು ಅಂತ ಖುಷಿಯಲ್ಲಿ ಹೊಸಬರು ಪೆಟ್ಟಿಗೆ ಮುಟ್ಟದೇ ಬಿಟ್ಬಿಡ್ತಾರೆ, ಆಮೇಲೆ ಒಂದಿನ ಹಳೇ ರಾಣಿ ಅರ್ಧ ನೊಣ ಕರ್ಕೊಂಡು ಹೋಗಿರ್ತಾಳೆ, ಕುಟುಂಬ ಪಾಲಾಗೋದು ಅಂದ್ರೆ ಇದೇ. ಈ ಟೈಮಲ್ಲಿ ವಾರಕ್ಕೊಂದ್ಸಲ ನೋಡ್ಲೇಬೇಕು.

ಬಿಸಿಲೇರಿದ್ಮೇಲೆ ತೆಗೀರಿ, ಬಾಗಿಲಿನ ಎದುರು ನಿಲ್ಬೇಡಿ. ಹೊಗೆ ಒಂದೆರಡು ಸಲ ಊದಿದ್ರೆ ಸಾಕು, ಜಾಸ್ತಿ ಕೊಟ್ರೆ ನೊಣ ಎಲ್ಲಾ ಎರಿ (ನೊಣ ಕಟ್ಟೋ ಮೇಣದ ಗೂಡು) ಬಿಟ್ಟು ಓಡಾಡುತ್ತೆ. ಅಂಚಿನ ಫ್ರೇಮ್ (ಎರಿ ಕಟ್ಟೋ ಚೌಕಟ್ಟು) ಮೊದ್ಲು ತೆಗೆದು ಜಾಗ ಮಾಡ್ಕೊಳ್ಳಿ, ಪೆಟ್ಟಿಗೆ ಮೇಲೇನೇ ನೆಟ್ಟಗೆ ಹಿಡ್ದು ನೋಡಿ, ಅಡ್ಡ ಮಲಗಿಸಿದ್ರೆ ಹೊಸ ಎರಿ ಕಳಚಿ ಬೀಳುತ್ತೆ.

ವಾರದ ನೋಟಕ್ಕೆ ರಾಣಿ ಹುಡುಕ್ತಾ ಕೂರೋದು ಬೇಡ. ಬಿಸಿಲು ಬೆನ್ನಿಗೆ ಬರೋ ಹಾಗೆ ನಿಂತು ಕೋಶದ ತಳ ನೋಡಿ, ಮೊಟ್ಟೆ ಮೂರು ದಿನಕ್ಕೆ ಒಡೆಯುತ್ತೆ, ಹಾಗಾಗಿ ಮೊಟ್ಟೆ ಕಂಡ್ರೆ ಮೂರು ದಿನದ ಹಿಂದೆವರೆಗೂ ರಾಣಿ ಇದ್ಲು ಅಂತ ಸಾಮಾನ್ಯವಾಗಿ ಹೇಳಬಹುದು. ಕೋಶದೊಳಗಿನ ಮರಿಹುಳ ಚೀಲದ ತರ ನೀರು ತುಂಬ್ಕೊಂಡು ಸತ್ತಿದ್ರೆ ಮಾತ್ರ ಹುಷಾರು, ಅದು ಥಾಯ್ ಸ್ಯಾಕ್‌ಬ್ರೂಡ್ ಇರಬಹುದು, 1990ರ ದಶಕದ ಶುರುವಲ್ಲಿ ದಕ್ಷಿಣ ಭಾರತದ ತುಡುವೆನೆಲ್ಲಾ ಗುಡಿಸಿ ಹಾಕಿದ್ದು ಇದೇ ರೋಗ. ಆ ಫ್ರೇಮ್ ಬೇರೆ ಪೆಟ್ಟಿಗೆಗೆ ಹಾಕ್ಲೇಬೇಡಿ.

ಈಗ ಎರಿಯ ಅಡಿ ಅಂಚು. ಮುಚ್ಚಳದ ತುದೀಲಿ ಸಣ್ಣ ತೂತಿರೋ ಕೋಶಗಳು ಗಂಡುನೊಣದ್ದು, ಅವು ಜಾಸ್ತಿ ಆದ್ರೆ ಪಾಲಾಗೋ ತಯಾರಿ. ಶೇಂಗಾ ತರ ಕೆಳಕ್ಕೆ ಜೋತುಬಿದ್ದಿದ್ರೆ ರಾಣಿ ಕೋಶ. ಬರೀ ಕಿತ್ತು ಹಾಕಿದ್ರೆ ಮತ್ತೆ ಕಟ್ತಾವೆ, ಮೇಲೆ ಸೂಪರ್ (ತುಪ್ಪ ಕೂಡಿಡೋಕೆ ಮೇಲಿಡೋ ಪೆಟ್ಟಿಗೆ) ಇಟ್ರೂ ಆ ಹಂತದಲ್ಲಿ ಪಾಲಾಗೋದು ನಿಲ್ಲೋದು ಕಷ್ಟ (ಸೂಪರ್ ಇಡೋದು ಅದಕ್ಕೂ ಮುಂಚೆ, ಕೆಳಗಿನ ಫ್ರೇಮೆಲ್ಲಾ ನೊಣ ತುಂಬಿ, ಹೊರಗೆ ಹೂವೂ ಇದ್ದಾಗ). ನೀವೇ ಪಾಲು ಮಾಡೋದು ವಾಸಿ: ಹಳೇ ರಾಣಿ ಇರೋ ಫ್ರೇಮಿನ ಜೊತೆ ಒಟ್ಟು ಫ್ರೇಮುಗಳಲ್ಲಿ ಅರ್ಧದಷ್ಟು, ನೊಣ ಸಮೇತ ಹೊಸ ಪೆಟ್ಟಿಗೆಗೆ ಹಾಕಿ ದೂರ ಇಡಿ, ಹಳೇ ಜಾಗದ್ದರಲ್ಲಿ ಒಂದೋ ಎರಡೋ ಒಳ್ಳೇ ರಾಣಿ ಕೋಶ ಉಳಿಸಿ. ಹೊರಗೆ ದುಡಿಯೋ ನೊಣ ಹಳೇ ಜಾಗಕ್ಕೇ ವಾಪಸ್ ಬರುತ್ತೆ, ಅದಕ್ಕೇ ಹೊಸದಕ್ಕೆ ಸ್ವಲ್ಪ ನೊಣ ಜಾಸ್ತಿನೇ ಕೊಡವಿ, ಸಕ್ಕರೆ ಪಾಕನೂ ಇಡಿ. ಎರಡೂ ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದ ಹಾಗೆ ನೀರು, ಅಡಿಮಣೆ ಕ್ಲೀನು, ನೊಣ ಕೂರದ ಹಳೇ ಎರಿ ಹೊರಗೆ, ಇಲ್ದಿದ್ರೆ ಎರಿ ತಿನ್ನೋ ಮೇಣದ ಹುಳ ಗ್ಯಾರಂಟಿ.

ಹೊಸ ರಾಣಿ ಹುಟ್ಟಿದ್ಮೇಲೆ ಒಂದೆರಡು ವಾರ ಆ ಪೆಟ್ಟಿಗೆ ತೆಗೀಬೇಡಿ, ಕೂಡೋಕೆ ಹಾರಿಹೋಗೋ ಟೈಮು ಅದು. ಆಮೇಲೂ ಮೊಟ್ಟೆ ಕಾಣ್ದಿದ್ರೆ ಹಳೇ ರಾಣಿ ಪೆಟ್ಟಿಗೆಯಿಂದ ಮೊಟ್ಟೆ ಇರೋ ಒಂದು ಫ್ರೇಮ್ ತಂದು ಕೊಡಿ, ರಾಣಿ ಇಲ್ದಿದ್ರೆ ಅದ್ರಲ್ಲೇ ಹೊಸ ಕೋಶ ಕಟ್ಟೋಕೆ ಶುರು ಮಾಡ್ತಾವೆ.