ಮಾಲ್‌ವೇರ್ ಕೋಡ್ ಹಂಚುವಾಗ ನಾನು ಏನು ಕೊಡುತ್ತೇನೆ, ಏನು ಕೊಡುವುದಿಲ್ಲ

ಮಾಲ್‌ವೇರ್, ಅಂದರೆ ಹಾನಿ ಮಾಡಲೆಂದೇ ಬರೆದ ಸಾಫ್ಟ್‌ವೇರ್, ಅದನ್ನು ಬಿಚ್ಚಿ ನೋಡುವುದು ನನ್ನ ಕೆಲಸ. ಕಂಡದ್ದನ್ನು ಬರೆದು ಎಲ್ಲರಿಗೂ ತಿಳಿಸುವುದೂ ಅದರದ್ದೇ ಭಾಗ. ಆದರೆ ಎಷ್ಟು ತಿಳಿಸಬೇಕು? ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದ್ದು ಮಿರಾಯ್ ಕೋಡ್ ಓದಿದ ಮೇಲೆ.

ಸಿಸಿಟಿವಿ ಕ್ಯಾಮೆರಾ, ಅದರ ದೃಶ್ಯ ದಾಖಲಿಸುವ ಡಿವಿಆರ್, ಮನೆಯ ರೂಟರ್ ಇಂಥವುಗಳೊಳಗೆ ನುಗ್ಗುವ ಮಾಲ್‌ವೇರ್ ಅದು. 2016ರ ಸೆಪ್ಟೆಂಬರ್ ಕೊನೆಯಲ್ಲಿ ಅದರ ಪೂರ್ತಿ ಸೋರ್ಸ್ ಕೋಡ್ ಬಹಿರಂಗವಾಯಿತು, ಹಾಕಿದ್ದೂ ಬರೆದವರ ಕಡೆಯವರೇ. ಮೂರು ವಾರ ಕಳೆದು, ಅಕ್ಟೋಬರ್ 21ಕ್ಕೆ, ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ (ಡಿಎನ್‌ಎಸ್) ಡೈನ್ ಎಂಬ ಕಂಪನಿ ಮೇಲೆ ಮಿರಾಯ್ ಹೊಕ್ಕ ಸಾಧನಗಳು ಒಟ್ಟಿಗೆ ಮುಗಿಬಿದ್ದಿದ್ದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಎಲ್ಲ ಅಮೆರಿಕದ ಬಹಳ ಜನರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಆಮೇಲೆ ಅದೇ ಕೋಡ್ ತಿದ್ದಿ ಮಾಡಿದ ತಳಿಗಳು ಬರುತ್ತಲೇ ಹೋದವು.

ನಾನು ಅದನ್ನು ಇಂಟರ್ನೆಟ್ ಇಲ್ಲದ ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರಿನೊಳಗೆ ಬೇರೆಯಾಗಿ ಓಡುವ ಇನ್ನೊಂದು ಕಂಪ್ಯೂಟರ್) ಇಟ್ಟು ಓದಿದೆ. ಸ್ಕ್ಯಾನರ್ ಭಾಗವೇ ಮುಖ್ಯ. ಸಾಧನದ 23 ಮತ್ತು 2323ನೇ ಪೋರ್ಟ್‌ಗಳಲ್ಲಿ (ನೆಟ್‌ವರ್ಕ್ ಬಾಗಿಲುಗಳು) ಟೆಲ್ನೆಟ್, ಅಂದರೆ ದೂರದಿಂದ ಲಾಗಿನ್ ಆಗುವ ಹಳೇ ದಾರಿ, ತೆರೆದಿದೆಯಾ ಅಂತ ಹುಡುಕುತ್ತದೆ, ಸಿಕ್ಕರೆ ಫ್ಯಾಕ್ಟರಿಯಲ್ಲೇ ಇಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳನ್ನು ಹಾಕಿ ನೋಡುತ್ತದೆ. ಸುಮಾರು 60 ಜೋಡಿ, ಅಷ್ಟೇ.

ಈ ಪಟ್ಟಿಯನ್ನು ಹಂಚಬೇಕಾ ಬೇಡವಾ ಅಂತ ತುಂಬಾ ಯೋಚಿಸಿದೆ. ಹಂಚಿದೆ. ಯಾಕಂದ್ರೆ ದಾಳಿ ಮಾಡುವವರ ಕೈಯಲ್ಲಿ ಅದು ಆಗಲೇ ಇತ್ತು, ಇಲ್ಲದಿದ್ದದ್ದು ಕ್ಯಾಮೆರಾ ಕೊಂಡವರ ಹತ್ತಿರ. ಕೆಲವು ಡಿವಿಆರ್‌ಗಳಲ್ಲಿ ಪಾಸ್‌ವರ್ಡ್ ಫರ್ಮ್‌ವೇರ್‌ನೊಳಗೇ (ಸಾಧನದಲ್ಲೇ ಕೂಡಿಸಿದ ಸಾಫ್ಟ್‌ವೇರ್) ಕೂತಿರುತ್ತದೆ, ಮಾಲೀಕರು ಬದಲಾಯಿಸಲು ಹೋದರೂ ಆಗುವುದಿಲ್ಲ. ಅದಕ್ಕೇ ಪಟ್ಟಿಯ ಪಕ್ಕದಲ್ಲೇ ಮಾಡಬೇಕಾದ್ದನ್ನೂ ಬರೆದೆ: ರೂಟರ್‌ನಲ್ಲಿ ಆ ಪೋರ್ಟ್‌ಗಳನ್ನು ಮುಚ್ಚಿ, ಸಾಧನಗಳು ಕೇಳಿದರೆ ತಾನಾಗಿಯೇ ಪೋರ್ಟ್ ತೆರೆಯುವ ಯುಪಿಎನ್‌ಪಿ ಆಫ್ ಮಾಡಿ, ಕ್ಯಾಮೆರಾವನ್ನು ನೇರ ಇಂಟರ್ನೆಟ್‌ಗೆ ಒಡ್ಡಬೇಡಿ. ಸುಮ್ನೆ ರೀಬೂಟ್ ಮಾಡಿದರೆ ಮಿರಾಯ್ ಮೆಮೊರಿಯಿಂದ ಹೋಗುತ್ತದೆ, ಆದರೆ ಬಾಗಿಲು ತೆರೆದೇ ಇದ್ದರೆ ಮತ್ತೆ ಬರುತ್ತದೆ.

ದಾಳಿ ನಡೆಸುವ ಭಾಗ, ಬಾಟ್‌ಗಳಿಗೆ (ಮಾಲ್‌ವೇರ್ ಹೊಕ್ಕ ಸಾಧನಗಳು) ಆಜ್ಞೆ ಕೊಡುವ ಸರ್ವರ್, ಹೊಸ ಸಾಧನಕ್ಕೆ ಮಾಲ್‌ವೇರ್ ತುಂಬುವ ಲೋಡರ್, ಇವುಗಳ ಕೋಡನ್ನು ನನ್ನ ಬರಹದಲ್ಲಿ ಹಾಕಲಿಲ್ಲ. ಅವು ಇಲ್ಲದೆಯೂ ಇದನ್ನು ಹಿಡಿಯಬಹುದು. ಹಿಡಿಯಲು ಬೇಕಾದ್ದು ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ), ಯಾರಾ (YARA) ರೂಲ್, ಅಂದರೆ ಮಾಲ್‌ವೇರ್ ಗುರುತಿಸುವ ಸೂತ್ರ, ಮತ್ತು ಸರ್ವರ್ ವಿಳಾಸ. ವಿಳಾಸವನ್ನೂ ಯಾರೂ ತಪ್ಪಿ ಕ್ಲಿಕ್ ಮಾಡದಂತೆ, ಲಿಂಕ್ ಆಗಿ ತೆರೆಯದ ಹಾಗೆ ಮುರಿದು ಬರೆಯುತ್ತೇನೆ. ನನಗೆ ಗೊತ್ತಿರುವ ವಿಶ್ಲೇಷಕರು ಮಾಲ್‌ವೇರ್ ಸ್ಯಾಂಪಲ್ ಕೇಳಿದರೆ ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿ ಕಳಿಸುತ್ತೇನೆ.

"ಹೇಗೂ ಎಲ್ಲ ಕಡೆ ಸಿಗುತ್ತಲ್ಲ, ನೀವು ಮುಚ್ಚಿಟ್ಟು ಏನು ಪ್ರಯೋಜನ?" ಅಂತ ಕೇಳುತ್ತಾರೆ. ಸಿಗುತ್ತದೆ, ನಿಜ. ಆದರೆ ಹುಡುಕಿ, ಜೋಡಿಸಿ, ತಪ್ಪು ತಿದ್ದಿ ಓಡಿಸುವುದಕ್ಕೂ, ನಾನೇ ತಿದ್ದಿ ವಿವರಣೆ ಸಮೇತ ಕೈಗಿಡುವುದಕ್ಕೂ ಬಹಳ ಅಂತರವಿದೆ. ಆ ಕೊನೆಯ ಸಹಾಯ ನನ್ನಿಂದ ಆಗಬಾರದು.

"ಕಲಿಕೆಗೆ ಮಾತ್ರ" ಅಂತ ಮೇಲೆ ಬರೆದರೆ ಸಾಕು ಅನ್ನುವವರಿಗೆ ನಾನು ಹಿಡನ್ ಟಿಯರ್ ಕಥೆ ಹೇಳುತ್ತೇನೆ. 2015ರಲ್ಲಿ ಟರ್ಕಿಯ ಸಂಶೋಧಕರೊಬ್ಬರು ಅದೇ ಎಚ್ಚರಿಕೆಯೊಂದಿಗೆ ಹಿಡನ್ ಟಿಯರ್ ಎಂಬ ರ‍್ಯಾನ್‌ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಮಾಲ್‌ವೇರ್) ಕೋಡನ್ನು, ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ಹಾಕಿದರು. ಅಪರಾಧಿಗಳು ಅದನ್ನೇ ತೆಗೆದುಕೊಂಡು ನಿಜವಾದ ಜನರ ಫೈಲ್‌ಗಳಿಗೆ ಬೀಗ ಹಾಕಿದರು. ಎಚ್ಚರಿಕೆಯ ಸಾಲನ್ನು ಅವರು ಓದಿಯೂ ಇರಲಿಕ್ಕಿಲ್ಲ.

ಕಲಿಯುವವರ ಕಥೆ ಬೇರೆ. "ಸರ್, ಕೋಡ್ ಕೊಡಿ, ಕಲೀಬೇಕು" ಅಂತ ಕೇಳುವ ಹುಡುಗ ಹುಡುಗಿಯರ ಮೇಲೆ ನನಗೆ ಅನುಮಾನವಿಲ್ಲ, ಅವರಲ್ಲಿ ಜಾಸ್ತಿ ಜನ ನಿಜವಾಗಿಯೂ ಕಲಿಯಲೆಂದೇ ಕೇಳುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಲ್ಯಾಬ್ ಕಟ್ಟಿಸುತ್ತೇನೆ, ನೆಟ್‌ವರ್ಕ್ ತೆಗೆಸುತ್ತೇನೆ, ಆಮೇಲೆ ಸ್ಕ್ಯಾನರ್ ಭಾಗವನ್ನು ಸಾಲು ಸಾಲಾಗಿ ಓದುತ್ತೇವೆ. ಓದಿದ ಮೇಲೆ ಅದನ್ನು ಹಿಡಿಯುವ ರೂಲನ್ನು ಅವರೇ ಬರೆಯಬೇಕು. ಆ ರೂಲನ್ನು ಯಾರಿಗೆ ಬೇಕಾದರೂ ಹಂಚಲಿ.